ಬೋರಲು ಹಾಕಿದ ಗಂಗಾಳ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಎಂಟು ಜನ ಶಿಷ್ಯರು, ನಾಲ್ಕು ಆಕಳು, ಒಬ್ಬ ಮುದುಕಿ ಗುರು. ಆಕೆಯನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದರು.

ಶಿಷ್ಯರಲ್ಲಿ ಒಬ್ಬ ಶಿವಪುತ್ರ. ಇಪ್ಪತ್ತಾರರ ಪ್ರಾಯ. ಓದು ಬಲ್ಲವನು, ಮಾತು ಬಲ್ಲವನು. ಸಂಜೆ ಗ್ರಂಥ ಓದುವ ಕೆಲಸ ಅವನದು. ಓದುವಾಗ ಯಾರ್‍ಯಾರು ತಲೆದೂಗಿದರು ಎಂದು ಓರೆಗಣ್ಣಲ್ಲಿ ನೋಡಿಕೊಳ್ಳುವ ಚಟವೂ ಅವನದೇ.

ಒಂದು ಬೆಳಿಗ್ಗೆ ಅವನು ಹೊಳೆಯ ಮೆಟ್ಟಿಲಿಗೆ ಬಂದ. ಅವ್ವಾರು ನೀರಿಗೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಹಸಿ ತೊಗರಿಕಾಯಿ ಹಾಕಿಕೊಂಡು ಬಿಡಿಸುತ್ತಿದ್ದರು.

"ಅವ್ವಾರ, ಒಂದು ಮಾತು ಕೇಳೂದಿತ್ತು."

"ಕೇಳು."

"ಗಂಗಾಳ ಅಂಗಾತ ಮಾಡಿದ ಮ್ಯಾಲೆ ಆ ಮಾತು ಮತ್ತ ತಗೀಬಾರದು ಅಂತ ನೀವ ಹೇಳೀರಿ. ಹೌದಲ್ರಿ?"

"ಹೌದು."

"ಎಂಥಾ ಮಾತಿದ್ರೂ?"

"ಎಂಥಾ ಮಾತಿದ್ರೂ."

ಶಿವಪುತ್ರನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹೋಗಬೇಕೆಂದು ತಿರುಗಿದವನು ಹೋಗದೆ ಅಲ್ಲೇ ನಿಂತ.

"ಯಾಕ ಕೇಳಿದಿ?"

"ಸುಮ್ಮನ ರೀ. ಓದೂವಾಗ ನೆನಪಾತು."

ಅವ್ವಾರು ಒಂದು ಕಾಯಿ ಸೀಳಿದರು. ಒಳಗೆ ಹುಳ ಇತ್ತು. ಕಾಯಿಯನ್ನು ನೀರಿಗೆ ಎಸೆದರು.

"ಸುಮ್ಮನ ಕೇಳಾವ ಇಷ್ಟು ಲಗೂ ಎದ್ದು ಬರಂಗಿಲ್ಲ. ಕೂಡು," ಎಂದರು.

ಅವನು ಕೂತ.

ಆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ತಪ್ಪು ಮಾಡಿದವನನ್ನು ಯಾರೂ ವಿಚಾರಿಸುವಂತಿಲ್ಲ. ತಪ್ಪು ಮಾಡಿದವನೇ ಊಟದ ಹೊತ್ತಿಗೆ ತನ್ನ ಗಂಗಾಳವನ್ನು, ಅಂದರೆ ಉಣ್ಣುವ ತಟ್ಟೆಯನ್ನು, ಬೋರಲು ಹಾಕಿಕೊಂಡು ಕೂಡಬೇಕು, ಮಾಡಿದ್ದನ್ನು ಎಲ್ಲರ ಮುಂದೆ ಹೇಳಬೇಕು. ಯಾರಿಗೆ ನೋವಾಗಿದೆಯೋ ಅವರು ಬಂದು ಆ ಗಂಗಾಳವನ್ನು ಅಂಗಾತ ಮಾಡಿ, ತಮ್ಮ ಕೈಯಿಂದಲೇ ಬಡಿಸಬೇಕು. ಅಲ್ಲಿಗೆ ಆ ಮಾತು ಮುಗಿಯಿತು.

ಆಕಳ ಹಗ್ಗ ಸರಿಯಾಗಿ ಕಟ್ಟದವರು, ಸಾರಿಗೆ ಎರಡು ಸಲ ಉಪ್ಪು ಹಾಕಿದವರು, ಮಲಗಿದವರ ಹೊದಿಕೆ ಎಳೆದುಕೊಂಡವರು ಎಲ್ಲರೂ ಒಂದಲ್ಲ ಒಂದು ದಿನ ಬೋರಲು ಹಾಕಿದವರೇ.

ಶಿವಪುತ್ರ ಮಾತ್ರ ಆರು ವರ್ಷದಲ್ಲಿ ಒಮ್ಮೆಯೂ ಹಾಕಿರಲಿಲ್ಲ. ಅದು ಅವನಿಗೆ ದೊಡ್ಡ ಹೆಮ್ಮೆ.

ಈಗ ಆಟದ ವಿಷಯಕ್ಕೆ ಬರೋಣ.

ಆಶ್ರಮದಲ್ಲಿ ಆಟವೇ ಎಂದು ಹುಬ್ಬೇರಿಸಬೇಡಿ. ಶಿಷ್ಯರ ಮೊಬೈಲುಗಳೆಲ್ಲ ಒಂದು ಬೆತ್ತದ ಬುಟ್ಟಿಯಲ್ಲಿ ಇರುತ್ತಿದ್ದವು. ಮಧ್ಯಾಹ್ನದ ಊಟ ಆದ ಮೇಲೆ ಬುಟ್ಟಿ ಹೊರಗೆ ಬರುತ್ತಿತ್ತು. ನೆರಳು ಹೊಳೆಯ ಮೂರನೇ ಮೆಟ್ಟಿಲಿಗೆ ಮುಟ್ಟಿದರೆ ವಾಪಸು ಒಳಗೆ. ಆ ಹೊತ್ತಿನಲ್ಲಿ ನಾಲ್ವರು ಒಂದು ಕಾಳಗದ ಆಟ ಹಿಡಿದಿದ್ದರು.

ಅದು ಅವ್ವಾರಿಗೆ ಗೊತ್ತಾದಾಗ ಅವರು ಹೇಳಿದ್ದು ಇಷ್ಟೇ. "ಕದ್ದು ಆಡಬ್ಯಾಡ್ರಿ. ಕಟ್ಟಿ ಮ್ಯಾಲೆ ಒಟ್ಟಿಗೆ ಕುಂತು ಆಡ್ರಿ."

ಆ ಆಟದಲ್ಲಿ ಒಂದು ಮಾಯಾಲೋಕ. ಕೋಟೆ ಕಟ್ಟಬೇಕು, ಕಣಜ ತುಂಬಬೇಕು, ಶತ್ರುವಿನ ಕೋಟೆ ಸುಡಬೇಕು. ಶುರುವಿನಲ್ಲೇ ಪರದೆಯ ಮೇಲೆ ಮೂರು ಪಡೆಗಳ ಬಾವುಟ ಬರುತ್ತವೆ. ಬೆಂಕಿ ಪಾಳೆ, ಗಾಳಿ ಪಾಳೆ, ಮಣ್ಣಿನ ಪಾಳೆ. ಒಂದನ್ನು ಮುಟ್ಟಿ ಸೇರಬೇಕು. ಒಮ್ಮೆ ಮುಟ್ಟಿದರೆ ಮುಗಿಯಿತು, ಬದಲಿಸಲು ಬರುವುದಿಲ್ಲ.

ಮಣ್ಣಿನ ಪಾಳೆಯೇ ಇರಲಿ ಎಂದವನು ಫಕೀರಪ್ಪ. ಅವನೂ ಶಿವಪುತ್ರನೂ ಒಂದೇ ದಿನ ಆಶ್ರಮಕ್ಕೆ ಬಂದವರು, ಆರು ವರ್ಷದಿಂದ ಪಕ್ಕಪಕ್ಕ ಹಾಸಿಗೆ ಹಾಸಿದವರು. ಫಕೀರಪ್ಪನಿಗೆ ಅಡುಗೆ ಮನೆ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ಆಟವಿಡೀ ಇಂಗ್ಲಿಷಿನಲ್ಲಿತ್ತು. ಬಂದ ಸೂಚನೆಗಳನ್ನೆಲ್ಲ ಶಿವಪುತ್ರನೇ ಓದಿ ಹೇಳುತ್ತಿದ್ದ.

"ಮಣ್ಣು ಯಾಕೋ?" ಎಂದು ಶಿವಪುತ್ರ ಅವತ್ತು ಕೇಳಿದ್ದ.

"ಇಲ್ಲಿ ನೋಡು. ಆ ಮಣ್ಣಿನ ರಾಕ್ಷಸ ಕೆಲಸ ಇಲ್ಲದಾಗ ಏನ್ ಮಾಡತಾನ? ಸುಮ್ಮನ ಕುಂತು ಗ್ವಾಡಿ ಸವರತಾನ. ಪಾಪ, ಒಳ್ಳೆಯವ ಇದ್ದಂಗ ಐತಿ."

ಎಲ್ಲರೂ ನಕ್ಕರು. ಎಲ್ಲರೂ ಒಪ್ಪಿದರು. ಹಟಮಾರಿ ಬಸಲಿಂಗನೂ ಒಪ್ಪಿದ. ಮೂರು ತಿಂಗಳ ಹಿಂದಷ್ಟೇ ಆಶ್ರಮ ಸೇರಿದ್ದ ಯಮನೂರಪ್ಪನೂ ಒಪ್ಪಿದ. ಯಮನೂರಪ್ಪ ನಲವತ್ತೈದರ ಮನುಷ್ಯ, ಇಪ್ಪತ್ತು ವರ್ಷ ಲಾರಿ ಹೊಡೆದವನು. ಸ್ಟಿಯರಿಂಗ್ ಹಿಡಿದ ಅವನ ದಪ್ಪ ಬೆರಳಿಗೆ ಮೊಬೈಲಿನ ಗುಂಡಿಗಳು ಸಿಕ್ಕುತ್ತಲೇ ಇರಲಿಲ್ಲ.

ಶಿವಪುತ್ರನೂ ಎಲ್ಲರ ಎದುರಿಗೆ ಮಣ್ಣಿನ ಬಾವುಟ ಮುಟ್ಟಿದ.

ಆದರೆ ಅವನು ಹಿಂದಿನ ದಿನವೇ ಹೊಸಬರು ಯಾವ ಪಾಳೆ ಸೇರಬೇಕು ಎಂದು ಹುಡುಕಿ, ಏಳು ವಿಡಿಯೊ ನೋಡಿ ಮುಗಿಸಿದ್ದ. ಏಳರಲ್ಲೂ ಒಂದೇ ಮಾತು. ಬೆಂಕಿ ಸೇರಿದವನು ಗೆಲ್ಲುತ್ತಾನೆ, ಮಣ್ಣು ಸೇರಿದವನು ಕಟ್ಟುತ್ತಲೇ ಇರುತ್ತಾನೆ.

ಗೆಲ್ಲುವವರ ಪಕ್ಕ ನಿಲ್ಲುವುದು ಅವನ ಹುಟ್ಟುಗುಣ. ಶಾಲೆಯಲ್ಲಿ ಕಬಡ್ಡಿ ಆಡುವಾಗ ಗಟ್ಟಿಮುಟ್ಟಾದ ಹುಡುಗರು ಯಾವ ಕಡೆ ಹೋದರು ಎಂದು ನೋಡಿ, ಆಮೇಲೆ ತನ್ನ ಚಡ್ಡಿಯ ಲಾಡಿ ಬಿಗಿದುಕೊಂಡು ಏಳುತ್ತಿದ್ದ. ಆಶ್ರಮಕ್ಕೆ ಬಂದ ದಿನವೂ ಅವ್ವಾರಿಗೆ ಯಾವ ಶಿಷ್ಯನ ಮೇಲೆ ಹೆಚ್ಚು ಪ್ರೀತಿ ಎಂದು ವಿಚಾರಿಸಿಕೊಂಡೇ ಊಟಕ್ಕೆ ಕೂತಿದ್ದ.

ಹೀಗಾಗಿ ಮಣ್ಣಿನ ಬಾವುಟ ಮುಟ್ಟಿದ ಐದು ನಿಮಿಷಕ್ಕೆ, ಕಂಬಕ್ಕೆ ಬೆನ್ನು ಕೊಟ್ಟು, ಇನ್ನೊಂದು ಹೆಸರಿನಲ್ಲಿ ಇನ್ನೊಂದು ಆಟ ತೆರೆದ. ಬೆಂಕಿ ಬಾವುಟ ಮುಟ್ಟಿದ.

ಒಂದೇ ಮೊಬೈಲು, ಎರಡು ಹೆಸರು. ಗೆಳೆಯರ ಜೊತೆ ಮಣ್ಣಿನವನು. ಕಂಬಕ್ಕೆ ಒರಗಿದಾಗ ಬೆಂಕಿಯವನು.

ನಲವತ್ತು ದಿನ ನಡೆಯಿತು. ಫಕೀರಪ್ಪ ದಿನಾ ಒಂದು ಗೋಡೆ ಏರಿಸಿದ. ಹಿಟ್ಟು ನಾದಿದ ಕೈ ತೊಳೆದು ಓಡಿ ಬರುತ್ತಿದ್ದ. "ಶಿವಪುತ್ರಾ, ಇದೇನು ಅಂತೈತಿ? ಬಾಗಿಲು ಎಲ್ಲಿ ಇಡಲಿ? ಕಾವಲು ಎಷ್ಟು ಇಡಲಿ?" ಶಿವಪುತ್ರ ಓದಿ ಹೇಳುತ್ತಿದ್ದ. ಫಕೀರಪ್ಪ ಹೇಳಿದಂತೆ ಮಾಡುತ್ತಿದ್ದ.

ಅಷ್ಟರಲ್ಲಿ ಬೆಂಕಿ ಪಾಳೆಯಲ್ಲಿ ಡಂಗುರ ಸಾರಿದರು. ಹತ್ತು ಸುತ್ತಿನ ಮಣ್ಣಿನ ಕೋಟೆ ಸುಟ್ಟವನಿಗೆ ದಂಡನಾಯಕನ ಪಟ್ಟ.

ಶಿವಪುತ್ರನಿಗೆ ಗೊತ್ತಿದ್ದ ಹತ್ತು ಸುತ್ತಿನ ಕೋಟೆ ಒಂದೇ.

ಮರುದಿನ ಕಟ್ಟೆಯ ಮೇಲೆ ಅವನೇ ಮಾತು ತೆಗೆದ. "ಫಕೀರಪ್ಪಾ, ಯಮನೂರಪ್ಪಣ್ಣನ ಕಣಜ ಖಾಲಿ ಆಗೈತಿ ನೋಡು. ಕಾಳಿನ ಬಂಡಿ ಕಳಸು. ದಾರ್‍ಯಾಗ ಕಳ್ಳರದಾರ, ನಿನ್ನ ಕಾವಲಿನವರನ್ನೂ ಸಂಗಾಟ ಕಳಸು."

"ಮತ್ತ ನನ್ನ ಬಾಗಿಲಿಗೆ?"

"ಒಂದ ತಾಸಿನ ಮಾತು. ಯಾರು ಬರತಾರ?"

ಫಕೀರಪ್ಪ ಕಳಿಸಿದ. ಶಿವಪುತ್ರ ಕಂಬಕ್ಕೆ ಒರಗಿದ. ಕಿಡಿ ಕಾರುವ ಹದ್ದುಗಳು ಬಂದು ನಲವತ್ತು ದಿನದ ಕೋಟೆಯನ್ನು ಸುಟ್ಟು ಬೂದಿ ಮಾಡಿದವು. ಗೋಡೆ ಸವರುತ್ತಾ ಕೂತಿದ್ದ ಮಣ್ಣಿನ ರಾಕ್ಷಸ ಮೇಲೇಳುವುದಕ್ಕೂ ಪುರಸೊತ್ತು ಸಿಗಲಿಲ್ಲ.

ಯಾರಿಗೂ ಅನುಮಾನ ಬರದಿರಲಿ ಎಂದು ಶಿವಪುತ್ರ ತನ್ನದೇ ಮಣ್ಣಿನ ಕೋಟೆಯ ಒಂದು ಮೂಲೆಗೂ ಬೆಂಕಿ ಇಟ್ಟುಕೊಂಡ. ಅಷ್ಟು ಜಾಣ ಅವನು.

ಫಕೀರಪ್ಪ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಅದನ್ನು ಬುಟ್ಟಿಗೆ ಹಾಕಿ ಅಡುಗೆ ಮನೆಗೆ ಹೋದ.

"ಕಾವಲು ಇಲ್ಲಂತ ನಾಲ್ಕು ಮಂದಿಗಷ್ಟ ಗೊತ್ತಿತ್ತು," ಎಂದ ಬಸಲಿಂಗ. ಅವನ ಕಣ್ಣು ಯಮನೂರಪ್ಪನ ಮೇಲೆ ಇತ್ತು. "ಕಾವಲು ಯಾರ ಸಲುವಾಗಿ ಹೋತು?"

ಯಮನೂರಪ್ಪ ತನ್ನ ದಪ್ಪ ಬೆರಳುಗಳನ್ನು ನೋಡಿಕೊಂಡ.

ಅವತ್ತಿನಿಂದ ಯಾರೂ ಅವನ ಪಕ್ಕ ಕೂಡಲಿಲ್ಲ. ಅವನು ಬಂದರೆ ಮಾತು ನಿಲ್ಲುತ್ತಿತ್ತು. ಅವನು ಹಾಲು ಕರೆದು ತಂದಿಟ್ಟರೆ "ಇಡ್ರಿ ಅಲ್ಲೆ" ಎನ್ನುತ್ತಿದ್ದರು. ಶಿವಪುತ್ರನೂ ಹಾಗೇ ಅಂದ. ಅಂದ ಮೇಲೆ ಅವನ ಕಿವಿ ಬಿಸಿಯಾಯಿತು.

ಐದನೇ ದಿನ ಊಟಕ್ಕೆ ಎಲ್ಲರೂ ಕೂತಾಗ ಯಮನೂರಪ್ಪ ತನ್ನ ಗಂಗಾಳವನ್ನು ಬೋರಲು ಹಾಕಿದ. ಅದರ ಬೆನ್ನು ಒಳಮೈಯಷ್ಟೇ ಲಕಲಕ ಹೊಳೆಯುತ್ತಿತ್ತು.

"ನನ್ನ ಸಲುವಾಗಿ ಕಾವಲು ಬಂತು, ಕ್ವಾಟಿ ಹೋತು. ತಪ್ಪು ನಂದ ಅಂತ ತಿಳೀರಿ," ಎಂದ.

ಬಸಲಿಂಗ ಗಂಟಲು ಸರಿಮಾಡಿಕೊಂಡ. ಫಕೀರಪ್ಪ ಎದ್ದು ಬಂದು ಆ ಗಂಗಾಳವನ್ನು ಅಂಗಾತ ಮಾಡಿದ. ಎರಡು ರೊಟ್ಟಿ ಇಟ್ಟ, ಮೇಲೆ ಬೆಣ್ಣೆ ಇಟ್ಟ. ಎಲ್ಲರ ಮುಖವೂ ಹಗುರಾಯಿತು. ಕಟ್ಟಳೆಯ ಪ್ರಕಾರ ಆ ಮಾತು ಅಲ್ಲಿಗೆ ಮುಗಿಯಿತು.

ಶಿವಪುತ್ರ ಪಾರಾಗಿದ್ದ. ಇನ್ನು ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಇಷ್ಟು ಸುಲಭದಲ್ಲಿ ಯಾರೂ ಪಾರಾಗಿರಲಿಕ್ಕಿಲ್ಲ.

ಆದರೆ ಬಾಯಿಗೆ ಎತ್ತಿದ ತುತ್ತನ್ನು ಅವನು ಗಂಗಾಳಕ್ಕೇ ಹಾಕಿದ. ತಾನು ಮಾಡಿದ್ದನ್ನು ಇನ್ನೊಬ್ಬ ಹೊತ್ತುಕೊಂಡು, ತನ್ನ ಎದುರಿಗೇ ಕ್ಷಮೆಯನ್ನೂ ಉಂಡುಬಿಟ್ಟ. ಅವನಿಗೆ ಎಷ್ಟು ನಾಚಿಕೆಯಾಯಿತು ಎಂದರೆ, ಕೈ ತೊಳೆಯುವ ನೆಪ ಮಾಡಿ ಆಕಳ ಕೊಟ್ಟಿಗೆಯ ಹಿಂದೆ ಹೋಗಿ ನಿಂತ.

ಆಮೇಲಿನ ನಾಲ್ಕು ದಿನ ಅವನು ಗ್ರಂಥ ಓದುವಾಗ ತಲೆ ಎತ್ತಿ ನೋಡಲಿಲ್ಲ. ಐದನೇ ದಿನ ಬೆಳಿಗ್ಗೆ ಹೊಳೆಯ ಮೆಟ್ಟಿಲಿಗೆ ಬಂದ. ನಾವು ಅವನನ್ನು ಮೊದಲು ಕಂಡಿದ್ದು ಅಲ್ಲಿಯೇ.

ಅವ್ವಾರು ತೊಗರಿಕಾಯಿಯ ಸಿಪ್ಪೆಗಳನ್ನು ಒಂದು ಕಡೆ ಸರಿಸಿದರು. ಅವರು ಕೂತಿದ್ದ ಮೆಟ್ಟಿಲಿನ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳಿದ್ದವು. ಯಾವ ಕಾಲದಲ್ಲಿ ಯಾರು ಕೆತ್ತಿದ್ದೋ, ಅರ್ಧ ಸವೆದಿದ್ದವು.

"ಆಡತೀ ಏನು?" ಎಂದರು.

"ಈಗೇನ್ರಿ?"

"ಈಗ. ಹುಲಿ ಬೇಕೋ, ಕುರಿ ಬೇಕೋ?"

ಶಿವಪುತ್ರ ಯೋಚಿಸಿದ. ಅವ್ವಾರಿಗೆ ಯಾವುದು ಹೇಳಿದರೆ ಹಿಡಿಸೀತು ಎಂದು ಯೋಚಿಸಿದ.

"ಕುರಿ ರೀ."

"ಯಾಕ?"

"ಕುರಿ ಬಡವು. ಆದ್ರ ಎಲ್ಲಾ ಕೂಡಿ ನಿಂತ್ರ ಹುಲಿನ ಕಟ್ಟತಾವು."

"ಚಲೋ ಹೇಳಿದಿ. ಸಂಜಿಗೆ ಓದೂವಾಗ ಹೇಳು, ಎಲ್ಲಾರೂ ತಲಿ ಅಳ್ಳಾಡಸ್ತಾರ," ಎಂದರು ಅವ್ವಾರು.

ಶಿವಪುತ್ರ ತಲೆ ತಗ್ಗಿಸಿದ.

ಅವ್ವಾರು ನೀರಿನಿಂದ ಮೂರು ಹರಳುಕಲ್ಲು ಎತ್ತಿಟ್ಟರು. ಮಡಿಲಿನಿಂದ ಹದಿನೈದು ತೊಗರಿ ಕಾಳು ಎಣಿಸಿ ಇಟ್ಟರು.

"ನನ್ನ ಕಣ್ಣಿಗೆ ಗೆರಿ ಕಾಣವಲ್ದು. ಹುಲಿನೂ ನೀನ ಆಡು, ಕುರಿನೂ ನೀನ ಆಡು. ಆಡಿದ್ದನ್ನ ಬಾಯಿಲೆ ಹೇಳಕೋತ ಹೋಗು. ನಾ ಕೇಳತೀನಿ."

"ಒಬ್ಬನ ಎರಡೂ ಹೆಂಗ ಆಡೂದ್ರಿ?"

"ನಿನಗ ಬರಂಗಿಲ್ಲೇನು?"

ಅವನು ಗಕ್ಕನೆ ತಲೆ ಎತ್ತಿ ಅವ್ವಾರ ಮುಖ ನೋಡಿದ. ಅವರು ಕಾಯಿ ಬಿಡಿಸುತ್ತಿದ್ದರು.

ಅವನು ಆಡತೊಡಗಿದ.

"ಕುರಿ ಇಟ್ಟೆ. ಹುಲಿ ಬಲಕ್ಕ ಸರೀತು. ಕುರಿ ಇಟ್ಟೆ. ಹುಲಿ ಕೆಳಗ ಇಳೀತು. ಕುರಿ ಇಟ್ಟೆ. ಹುಲಿ ಹಾರಿತು, ಒಂದು ಕುರಿ ಹೋತು."

"ಇಲ್ಲಿ ಕೊಡು," ಎಂದು ಅವ್ವಾರು ಆ ಕಾಳನ್ನು ಬಾಯಿಗೆ ಹಾಕಿಕೊಂಡರು. "ಎಳೇದೈತಿ. ಮುಂದ?"

"ಕುರಿ ಇಟ್ಟೆ. ಹುಲಿ ಸರೀತು. ಕುರಿ ಇಟ್ಟೆ. ಹುಲಿ ಹಾರಿತು."

"ಕೊಡು."

ಐದನೇ ಕಾಳು ಹೋಗುವ ಹೊತ್ತಿಗೆ ಶಿವಪುತ್ರನಿಗೆ ತನ್ನ ಕೈ ಏನು ಮಾಡುತ್ತಿದೆ ಎಂದು ಕಂಡಿತು. ಹುಲಿ ಎಲ್ಲಿಂದ ಎಲ್ಲಿಗೆ ಹಾರುತ್ತದೆ ಎಂದು ಕುರಿ ಇಡುವ ಕೈಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಗೇ ಕುರಿ ಇಡುತ್ತಿತ್ತು.

ಆರನೆಯ ಕಾಳು ಅವನ ಬೆರಳುಗಳ ನಡುವೆ ನಿಂತಿತು.

"ಯಾಕ ಸುಮ್ಮನಾದಿ?"

"ಅವ್ವಾರ, ಕುರಿ ತಾನಾಗಿ ಹುಲಿ ಬಾಯಿಗೆ ಹೋಗಲಿಲ್ಲ. ನಾನ ಇಟ್ಟೆ."

"ಕುರಿ ಏನಂತು?"

"ಏನೂ ಅನ್ನಲಿಲ್ಲ. ನಾ ಇಟ್ಟಲ್ಲೇ ನಿಂತಿತು. ನನ್ನ ನಂಬಿ ನಿಂತಿತು."

ಅವನು ಆರು ವರ್ಷ ಬಾಯಿಪಾಠ ಮಾಡಿದ ಒಳ್ಳೊಳ್ಳೆಯ ಮಾತುಗಳಲ್ಲಿ ಒಂದೂ ಆಗ ನೆನಪಿಗೆ ಬರಲಿಲ್ಲ. ಬಾವುಟ ಮುಟ್ಟಿದ್ದು, ಎರಡು ಹೆಸರು, ಕಾಳಿನ ಬಂಡಿ, ಹದ್ದು, ತನ್ನ ಕೋಟೆಯ ಮೂಲೆಗೆ ತಾನೇ ಇಟ್ಟ ಬೆಂಕಿ, ಎಲ್ಲವನ್ನೂ ಹೇಳಿದ. ಅಳುತ್ತಲೇ ಹೇಳಿದ. ಯಮನೂರಪ್ಪನ ಹೊಳೆಯುವ ಗಂಗಾಳದ ಮಾತಿಗೆ ಬಂದು ನಿಲ್ಲಿಸಿದ.

ಅವ್ವಾರು ಕೇಳಿಸಿಕೊಂಡರು.

"ನನಗ ಯಾಕ ಹೇಳಿದಿ?" ಎಂದರು. "ಸುಟ್ಟಿದ್ದು ನನ್ನ ಕ್ವಾಟಿ ಅಲ್ಲ."

"ಅವರಿಗೆ ಹೆಂಗ ಹೇಳಲ್ರಿ? ಆ ಮಾತು ಮುಗದೈತಿ. ಗಂಗಾಳ ಅಂಗಾತ ಆಗೈತಿ. ಮತ್ತ ತಗದ್ರ ಕಟ್ಟಳೆ ಮುರದಂಗ."

"ಯಾರ ಗಂಗಾಳ ಅಂಗಾತ ಆಗೈತಿ?"

"ಯಮನೂರಪ್ಪಣ್ಣನ್ದು."

"ನಿಂದು?"

ಶಿವಪುತ್ರ ಬೆರಳಲ್ಲಿದ್ದ ಕಾಳನ್ನು ಕಲ್ಲಿನ ಮೇಲೆ ಇಟ್ಟ. ಹೊಳೆಯಲ್ಲಿ ತೊಗರಿ ಸಿಪ್ಪೆ ತೇಲಿ ಹೋಗುತ್ತಿತ್ತು. ಅದನ್ನು ನೋಡುತ್ತಾ ಕೇಳಿದ.

"ಅವ್ವಾರ, ನಾ ಹೇಳಿದ್ರ ಅವರು ನನ್ನ ಗಂಗಾಳ ಅಂಗಾತ ಮಾಡತಾರೇನ್ರಿ?"

ಅವ್ವಾರು ಎದ್ದು ಸೀರೆ ಕೊಡವಿಕೊಂಡರು.

"ಗೆಲ್ಲೂ ಪಾಳೆ ಯಾವುದು ಅಂತ ಮತ್ತ ವಿಚಾರಸಾಕತ್ತಿ," ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಸಾಲಾಗಿ ಕೂತರು. ಸಾಲಿನ ತುದಿಗೆ ಅವ್ವಾರು. ಶಿವಪುತ್ರ ಬಂದು ತನ್ನ ಜಾಗದಲ್ಲಿ ಕೂತ. ಅವನ ಎಡಕ್ಕೆ ಯಮನೂರಪ್ಪ. ಫಕೀರಪ್ಪ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಶಿವಪುತ್ರ ಗಂಗಾಳವನ್ನು ಬೋರಲು ಹಾಕಿದ.

ಅದರ ಬೆನ್ನು ಕರ್‍ರಗಿತ್ತು.

ಅಲ್ಲಿ ಅವರವರ ಗಂಗಾಳವನ್ನು ಅವರವರೇ ಬೂದಿ ಹಚ್ಚಿ ತಿಕ್ಕಬೇಕು. ಶಿವಪುತ್ರ ಆರು ವರ್ಷವೂ ಉಣ್ಣುವ ಮೈ ಮಾತ್ರ ತಿಕ್ಕಿದ್ದ. ಕೆಳಗಿನದು ನೆಲಕ್ಕೆ ಇರುತ್ತದೆ, ಯಾರು ನೋಡುತ್ತಾರೆ? ಆರು ವರ್ಷದ ಜಿಡ್ಡು, ಮಸಿ, ಒಣಗಿದ ಸಾರಿನ ಕಲೆ ಎಲ್ಲವೂ ಈಗ ಎಂಟು ಜನರ ಎದುರಿಗೆ ಮೇಲುಮುಖವಾಗಿ ಬಿದ್ದಿದ್ದವು. ಬಸಲಿಂಗ ಬಗ್ಗಿ ನೋಡಿದ. ಶಿವಪುತ್ರನಿಗೆ ಎರಡೂ ಅಂಗೈಯಿಂದ ಅದನ್ನು ಮುಚ್ಚಿಬಿಡಬೇಕು ಅನಿಸಿತು.

ಮುಚ್ಚಲಿಲ್ಲ.

"ಕ್ವಾಟಿ ಸುಟ್ಟಾವ ನಾನು," ಎಂದ.

ಎಲ್ಲರೂ ಅವನ ಕಡೆ ತಿರುಗಿದರು.

"ನಾ ನಿಮ್ಮ ಸಂಗಾಟ ಮಣ್ಣಿನ ಪಾಳೆ ಸೇರಿದೆ. ಕಂಬದ ಹಿಂದ ಕುಂತು ಬೆಂಕಿ ಪಾಳೆನೂ ಸೇರಿದೆ. ಫಕೀರಪ್ಪಾ, ಕಾವಲು ಕಳಸು ಅಂತ ಹೇಳಿದ್ದು ಬಾಗಿಲು ಖಾಲಿ ಆಗಲಿ ಅಂತ. ನನ್ನ ಕ್ವಾಟಿಗೆ ನಾನ ಬೆಂಕಿ ಇಟ್ಟಕೊಂಡೆ, ನೀವು ನನ್ನ ಮ್ಯಾಲೆ ಅನುಮಾನ ಪಡಬಾರದು ಅಂತ. ಯಮನೂರಪ್ಪಣ್ಣಗ ನೀವೆಲ್ಲಾ ಮಾತು ಬಿಟ್ರಿ. ನಾನೂ ಬಿಟ್ಟೆ. ಅವರು ಬೋರಲು ಹಾಕಿದಾಗ ನಾ ಸುಮ್ಮನ ಕುಂತು ನೋಡಿದೆ."

ಬಸಲಿಂಗ ಏನೋ ಹೇಳಲು ಬಾಯಿ ತೆರೆದ. ಅವ್ವಾರು ಅವನ ಕಡೆ ನೋಡಿದರು. ಅವನು ಬಾಯಿ ಮುಚ್ಚಿದ.

ಫಕೀರಪ್ಪ ಬುಟ್ಟಿ ಹಿಡಿದು ಸಾಲಿನಲ್ಲಿ ಬಡಿಸುತ್ತಾ ಬಂದ. ಶಿವಪುತ್ರನ ಎದುರಿಗೆ ಬಂದು ನಿಂತ. ಆ ಕಪ್ಪು ಬೆನ್ನನ್ನು ನೋಡಿದ.

"ಶಿವಪುತ್ರಾ, ಕ್ವಾಟಿ ಸಿಟ್ಟಿಲ್ಲ ನನಗ," ಎಂದ. "ಅದು ಆಟ. ಇವತ್ತು ಸುಟ್ರ ನಾಳೆ ಕಟ್ಟತೀನಿ."

ಶಿವಪುತ್ರ ಮೇಲೆ ನೋಡಿದ.

"ನಲವತ್ತು ದಿನ ನಾ ಎಲ್ಲಾ ನಿನ್ನ ಕೇಳಿ ಮಾಡಿದೆ. ಬಾಗಿಲು ಎಲ್ಲಿಡಲಿ ಅಂದ್ರ ನಿನ್ನ ಕೇಳಿದೆ. ಇನ್ನ ಯಾರನ್ನ ಕೇಳಲಿ, ನೀನ ಹೇಳು."

ಮಾತು ಬಲ್ಲವನೆಂದು ಹೆಸರಾದವನು ನೆಲ ನೋಡುತ್ತಾ ಕೂತ.

ಫಕೀರಪ್ಪ ಬಗ್ಗಿದ. ಅವನ ಕೈ ಗಂಗಾಳದ ಅಂಚಿನ ತನಕ ಬಂದಿತು. ಅಲ್ಲಿಂದ ವಾಪಸು ಹೋಯಿತು.

"ಇವತ್ತು ಆಗವಲ್ದು," ಎಂದ. ಅವನ ಕಣ್ಣಲ್ಲಿ ನೀರಿತ್ತು. ಯಮನೂರಪ್ಪನ ಗಂಗಾಳಕ್ಕೆ ಎರಡು ರೊಟ್ಟಿ ಇಟ್ಟು ಮುಂದೆ ಹೋದ.

ಎಲ್ಲರೂ ಉಣ್ಣತೊಡಗಿದರು. ಎದ್ದು ಹೋಗಿಬಿಡಲೇ ಎಂದು ಶಿವಪುತ್ರನಿಗೆ ಅನಿಸಿತು. ಕೊಟ್ಟಿಗೆಯ ಹಿಂದಿನ ಜಾಗ ನೆನಪಾಯಿತು. ಹೋಗಲಿಲ್ಲ.

ಅವನು ತಲೆ ಎತ್ತದೆಯೇ ಎಡಕ್ಕೆ ಕೇಳಿದ. "ಅಣ್ಣಾರ, ನೀವು ಮಾಡಲಾರದ್ದಕ್ಕ ಯಾಕ ಬೋರಲು ಹಾಕಿದ್ರಿ?"

ಯಮನೂರಪ್ಪ ತುತ್ತು ನುಂಗಿದ.

"ಲಾರಿ ಹೊಡಿಯೂವಾಗ ನಾ ಮಾಡಿದ್ದು ಭಾಳ ಐತಿ, ತಮ್ಮಾ. ಅದನ್ನ ಯಾರೂ ಕೇಳಲಿಲ್ಲ, ನಾ ಯಾರಿಗೂ ಹೇಳಲಿಲ್ಲ. ಅದರಾಗ ಯಾವುದರ ಒಂದು ತಪ್ಪಿಗೆ ಇದು ಸಲ್ಲಲಿ ಅಂತ ಹಾಕಿದೆ."

"ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ?"

"ಐತಿ," ಎಂದ ಯಮನೂರಪ್ಪ. "ಐದು ದಿನ ಯಾರೂ ಮಾತಾಡಸಲಿಲ್ಲ. ಸಿಟ್ಟು ಇರದ ಏನು?"

ಅಷ್ಟು ಹೇಳಿ ಅವನು ಹೆಗಲ ಮೇಲಿನ ಟವೆಲ್ ತೆಗೆದ. ಅದರ ತುದಿಯಿಂದ ಶಿವಪುತ್ರನ ಗಂಗಾಳದ ಬೆನ್ನನ್ನು ಎರಡು ಸಲ ಒರೆಸಿದ. ಮಸಿ ಪೂರ್ತಿ ಹೋಗಲಿಲ್ಲ. ತನ್ನ ಎರಡನೇ ರೊಟ್ಟಿಯನ್ನು ಅದರ ಮೇಲೆ ಇಟ್ಟ. ರೊಟ್ಟಿಯ ಮೇಲೆ ಒಂದು ಚಿಟಿಕೆ ಶೇಂಗಾ ಚಟ್ನಿ ಹಾಕಿದ. ಗಂಗಾಳವನ್ನು ಅಂಗಾತ ಮಾಡಲಿಲ್ಲ.

ಸಾಲಿನವರೆಲ್ಲ ಉಣ್ಣುವುದನ್ನು ನಿಲ್ಲಿಸಿದರು. ಬೋರಲು ಗಂಗಾಳದ ಬೆನ್ನ ಮೇಲೆ ಬಡಿಸಿದ್ದನ್ನು ಆ ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ. ಬಾಗಿಲ ಹತ್ತಿರ ಫಕೀರಪ್ಪನೂ ಬುಟ್ಟಿ ಹಿಡಿದೇ ನಿಂತುಬಿಟ್ಟ.

ಶಿವಪುತ್ರ ರೊಟ್ಟಿಯನ್ನು ಮುಟ್ಟಲಿಲ್ಲ. ಅವನು ಸಾಲಿನ ತುದಿಗೆ ತಿರುಗಿದ. ಕಣ್ಣೀರು ಗದ್ದದ ತನಕ ಇಳಿದಿತ್ತು. ಒರೆಸಿಕೊಳ್ಳಲಿಲ್ಲ.

"ಅವ್ವಾರ, ಗಂಗಾಳ ಇನ್ನೂ ಬೋರಲ ಐತ್ರಿ. ನಾ ಏನ್ ಮಾಡಲಿ?"

ಅವ್ವಾರು ತಮ್ಮ ರೊಟ್ಟಿಯ ಕೊನೆಯ ಚೂರನ್ನು ಮುರಿದರು.

"ಉಣ್ಣು, ತಮ್ಮಾ. ಉಂಡು ಹೊಳಿಗೆ ಹೋಗಿ ಎರಡೂ ಮೈ ತೊಳಿ."